ಮದ್ದಿನ ಬಾಟಲಿಯಲ್ಲಿ ಅಡಗಿದ್ದ ಫೀಸು

ಕಾಪುವಿನ ನಮ್ಮ ಹಳೆಯ ಮನೆಯ ಅಡುಗೆಕೋಣೆಯಲ್ಲಿ ಬಹಳ ಕಾಲ ಒಂದು ಗಾಜಿನ ಬಾಟಲಿ ಇತ್ತು. ಅದರ ಹೊರಮೈಗೆ ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತ್ತು. ಒಂದು ಹಲ್ಲಿಗೆ ಒಂದು ಹೊತ್ತಿನ ಮದ್ದು. ಪೇಟೆಯ ಡಾಕ್ಟರರ ಕಂಪೌಂಡರ್ ಕೊಡುತ್ತಿದ್ದ ಕೆಂಪು ಮಿಕ್ಸ್ಚರಿನ ಬಾಟಲಿ ಅದು. ಮದ್ದು ಮುಗಿದ ಮೇಲೆ ಅಜ್ಜಿ ಅದರಲ್ಲಿ ಎಳ್ಳೆಣ್ಣೆ ತುಂಬಿಸಿಟ್ಟಿದ್ದರು. ಆ ಡಾಕ್ಟರರ ವಿಷಯ ಬಂದಾಗಲೆಲ್ಲ ಅಜ್ಜಿ ಒಂದು ಮಾತು ಹೇಳುವುದಿತ್ತು: ದೇವರಂಥ ಮನುಷ್ಯ, ಒಂದು ದಿನವೂ ಫೀಸು ಕೇಳಿದವರಲ್ಲ, ಮದ್ದಿನ ದುಡ್ಡು ಮಾತ್ರ.

ಫೀಸು ಆ ಬಾಟಲಿಯ ಒಳಗೇ ಇತ್ತು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ. ಡಾಕ್ಟರರು ಮೋಸ ಮಾಡುತ್ತಿದ್ದರು ಎಂದಲ್ಲ. ಸಲಹೆಗೆ ದುಡ್ಡು ಕೊಡುವುದು ನಮ್ಮ ಕಡೆಯವರಿಗೆ ಒಗ್ಗದ ಸಂಗತಿ. ಕೈಗೆ ಒಂದು ವಸ್ತು ಬಂದರೆ ಮಾತ್ರ ಕಿಸೆಗೆ ಕೈ ಹೋಗುತ್ತದೆ. ಹಾಗಾದಾಗ, "ನಿಮಗೆ ಏನೂ ಆಗಿಲ್ಲ, ಎರಡು ದಿನ ಗಂಜಿ ಕುಡಿದು ಮಲಗಿ" ಎಂದು ಸತ್ಯ ಹೇಳಿದ ವೈದ್ಯನಿಗೆ ಆ ದಿನದ ಸಂಪಾದನೆ ಸೊನ್ನೆ. ಬಾಟಲಿ ಕೊಟ್ಟವನಿಗೆ ಊಟ. ಮುಂದೆ ಬಾಟಲಿಯ ಜಾಗಕ್ಕೆ ಸೂಜಿ ಬಂತು. ಸೂಜಿ ಚುಚ್ಚದ ಡಾಕ್ಟರನನ್ನು ಅಜ್ಜಿಯೂ ನಂಬುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅದಕ್ಕೂ ಹಿಂದಿನ ಕ್ರಮ ಬೇರೆ. ಹಾವಿನ ವಿಷಕ್ಕೆ, ಸರ್ಪಸುತ್ತಿಗೆ ನಾಟಿಮದ್ದು ಕೊಡುವವರು ಹಣ ಕೇಳಬಾರದು, ಕೇಳಿದರೆ ಮದ್ದು ಹತ್ತುವುದಿಲ್ಲ ಎಂಬ ನಂಬಿಕೆ ತುಳುನಾಡಿನಲ್ಲಿ ಈಗಲೂ ಇದೆ. ವೀಳ್ಯದೆಲೆಯ ಮೇಲೆ ಇಟ್ಟಷ್ಟು. ಕಾರ್ಕಳದ ಕಡೆ ಹೋದರೆ ಇದಕ್ಕೆ ಶಾಸ್ತ್ರದ ಆಧಾರವೂ ಉಂಟು. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಆ ಜೈನ ಪರಂಪರೆಯಲ್ಲಿ ಆಹಾರ, ಅಭಯ, ಶಾಸ್ತ್ರಗಳ ಜೊತೆ ಔಷಧವೂ ಚತುರ್ವಿಧ ದಾನಗಳಲ್ಲಿ ಒಂದು. ಮದ್ದು ಮಾರುವ ವಸ್ತುವಲ್ಲ, ಕೊಡುವ ವಸ್ತು. ಆದರೆ ದಾನಕ್ಕೂ ಒಂದು ಗದ್ದೆ ಬೇಕು. ಬಸದಿಗಳಿಗೆ ಭೂಮಿ ಬಿಟ್ಟ ಶಾಸನಗಳನ್ನು ಓದುವಾಗ, ಆ ಭೂಮಿಯನ್ನು ಉತ್ತು ಗೇಣಿ ಅಳೆದವರು ಯಾರು ಎಂದು ನನಗೆ ಯೋಚನೆ ಬರುತ್ತದೆ. ಉಚಿತ ಮದ್ದಿನ ಬೆಲೆಯನ್ನು ಬೇರೆ ಯಾರೋ ತೆತ್ತಿರುತ್ತಾರೆ.

1923ರಲ್ಲಿ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ಶುರುವಾದಾಗಲೂ ಅಷ್ಟೇ. ಸ್ವಿಟ್ಜರ್ಲೆಂಡಿನಿಂದ ಬಂದ ಡಾ. ಇವಾ ಲೊಂಬಾರ್ಡ್ ಅದನ್ನು ಕಟ್ಟಿದರು. ಇವತ್ತಿಗೂ ಅದಕ್ಕೆ ಅವರದೇ ಹೆಸರು. ಮಿಷನ್ ವೈದ್ಯರ ಜೀವನಕ್ಕೆ ದೂರದ ಚರ್ಚುಗಳ ಕಾಣಿಕೆಯ ಆಸರೆ ಇತ್ತು. ಬಾಟಲಿ ಎಷ್ಟು ಖಾಲಿಯಾಯಿತು ಎಂಬ ಲೆಕ್ಕದ ಮೇಲೆ ಅವರ ಊಟ ನಿಂತಿರಲಿಲ್ಲ. ಹೆರಿಗೆಗೆ ಬಂದ ಹೆಂಗಸಿನ ಪಕ್ಕ ಗಂಟೆಗಟ್ಟಲೆ ಸುಮ್ಮನೆ ಕಾದು ಕುಳಿತುಕೊಳ್ಳುವುದು ಅಂಥ ವ್ಯವಸ್ಥೆಗೆ ಸುಲಭ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡಾ 47.4 ಸಿಸೇರಿಯನ್, ಸರಕಾರಿ ಆಸ್ಪತ್ರೆಗಳಲ್ಲಿ ಶೇಕಡಾ 14.3. ಈ ಅಂತರಕ್ಕೆ ಕಾರಣ ಹಲವು ಇರಬಹುದು. ಕಷ್ಟದ ಬಸುರಿಯರು ಖಾಸಗಿಗೆ ಹೋಗುತ್ತಾರೆ ಎನ್ನಬಹುದು, ಸರಕಾರಿ ಆಸ್ಪತ್ರೆಯಲ್ಲಿ ಬೇಕಾದಾಗಲೂ ಕೊಯ್ಯುವವರಿಲ್ಲ ಎನ್ನಬಹುದು. ಆದರೆ ಕಾಯುವುದಕ್ಕೆ ಬಿಲ್ಲು ಬರೆಯಲಾಗುವುದಿಲ್ಲ ಎಂಬುದೂ ಒಂದು ಕಾರಣ ಎಂದೇ ನನ್ನ ಅನಿಸಿಕೆ. ಬರ್ನಾರ್ಡ್ ಷಾ ತನ್ನ 'ದಿ ಡಾಕ್ಟರ್ಸ್ ಡೈಲೆಮಾ' ನಾಟಕದ ಮುನ್ನುಡಿಯಲ್ಲಿ ಇದನ್ನೇ ಹಂಗಿಸಿದ್ದ: ಕಾಲು ಕತ್ತರಿಸಿದರೆ ಹಣ, ಉಳಿಸಿದರೆ ಇಲ್ಲ ಎಂಬ ಲೆಕ್ಕ ಇಟ್ಟುಕೊಂಡು ಕಾಲು ಉಳಿಯಲಿ ಎಂದು ಆಶಿಸುವುದೆಂತು?

ಈ ಕತೆ ಮಣಿಪಾಲಕ್ಕೆ ಬಂದಾಗ ವಿಚಿತ್ರ ತಿರುವು ಪಡೆಯುತ್ತದೆ. ಮದರಾಸಿನಲ್ಲಿ ವೈದ್ಯ ಓದಿ ಬಂದ ತೋನ್ಸೆ ಮಾಧವ ಅನಂತ ಪೈ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವರ ಜೊತೆ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ, ಮನೆಬಾಗಿಲಿಗೇ ಬಂದು ಸಂಗ್ರಹ. ಒಬ್ಬ ವೈದ್ಯ ಬ್ಯಾಂಕರ್ ಆದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಬಡವನ ಕಾಯಿಲೆ ಒಮ್ಮೆಲೇ ಬರುತ್ತದೆ, ಅವನ ದುಡ್ಡು ಮಾತ್ರ ಆಣೆ ಆಣೆಯಾಗಿ ಬರುತ್ತದೆ. ಇವೆರಡರ ನಡುವಿನ ಕಂದಕವನ್ನು ರೋಗಿಯ ಎದುರು ಕುಳಿತವರಷ್ಟು ಹತ್ತಿರದಿಂದ ಕಂಡವರು ಕಡಿಮೆ.

1953ರಲ್ಲಿ ಅವರೇ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು, ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳುವ ದೇಶದ ಮೊದಲ ವೈದ್ಯಕೀಯ ಕಾಲೇಜು. ಸರಕಾರದ ದುಡ್ಡಿಲ್ಲ. ವಿದ್ಯಾರ್ಥಿಗಳು ಕೊಟ್ಟ ವಂತಿಗೆಯೇ ಬಂಡವಾಳ. ಅದಕ್ಕೆ ಬಿದ್ದ ಹೆಸರು ಕ್ಯಾಪಿಟೇಶನ್, ತಲೆಗಿಷ್ಟು. ಇಲ್ಲಿ ಒಂದು ತಮಾಷೆಯಿದೆ. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಅಲ್ಲಿನ ಕುಟುಂಬ ವೈದ್ಯರಿಗೆ ಹಣ ಕೊಟ್ಟದ್ದೂ ಮುಖ್ಯವಾಗಿ ಕ್ಯಾಪಿಟೇಶನ್ ಲೆಕ್ಕದಲ್ಲೇ. ಪಟ್ಟಿಯಲ್ಲಿ ಹೆಸರಿರುವ ಪ್ರತಿ ತಲೆಗೆ ಇಷ್ಟು, ಅವರು ಹುಷಾರಾಗಿದ್ದರೂ ಸರಿ. ಅಲ್ಲಿ ತಲೆ ರೋಗಿಯದು, ತೆರುವುದು ಸರಕಾರ. ಇಲ್ಲಿ ತಲೆ ವಿದ್ಯಾರ್ಥಿಯದು, ತೆರುವುದು ಅವನ ಅಪ್ಪ.

ಆ ದುಡ್ಡು ರೋಗಿಗಳಿಗೂ ತಲುಪಿತು ಎಂಬುದನ್ನು ಅಲ್ಲಗಳೆಯಲಾಗದು. ಹಾಸಿಗೆಗಳಲ್ಲಿ ರೋಗಿಗಳಿಲ್ಲದೆ ವೈದ್ಯ ಶಿಕ್ಷಣವಿಲ್ಲ. ಆರಂಭದಲ್ಲಿ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿಯಲು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೇ ಹೋಗಬೇಕಿತ್ತು. 1961ರಲ್ಲಿ ಮಣಿಪಾಲದಲ್ಲಿ ಸ್ವಂತ ಆಸ್ಪತ್ರೆ ಬಂದ ಮೇಲೆ ಅದರ ವಾರ್ಡುಗಳು ತುಂಬಬೇಕು, ತುಂಬಬೇಕಾದರೆ ದರ ಇಳಿದಿರಬೇಕು. ಕಾಪುವಿನ ಮೀನುಗಾರ್ತಿ, ಕಾರ್ಕಳದ ಬೀಡಿ ಕಟ್ಟುವವಳು ತಮ್ಮ ಊರಿನಲ್ಲಿ ಸಿಗದ ತಜ್ಞರನ್ನು ಕಂಡದ್ದು ಹೀಗೆ. ಬದಲಿಗೆ ಅವರು ಹತ್ತು ಹುಡುಗರಿಗೆ ಹೊಟ್ಟೆ ಒತ್ತಿ ನೋಡಲು ಬಿಟ್ಟರು. ಅದೂ ಒಂದು ಫೀಸೇ. ಈಗಲೂ ನಮ್ಮ ಕಡೆ ಮಣಿಪಾಲದ ಆರೋಗ್ಯ ಕಾರ್ಡ್ ಮಾಡಿಸದ ಮನೆ ಅಪರೂಪ.

ಆದರೆ ವಿದ್ಯಾರ್ಥಿಯ ಅಪ್ಪ ತೆತ್ತದ್ದನ್ನು ಮುಂದೆ ಯಾರು ತುಂಬಿಕೊಡಬೇಕು? ಮಣಿಪಾಲದ ಮಾದರಿ ರಾಜ್ಯದ ತುಂಬ ಹರಡಿದ ಮೇಲೆ 1984ರಲ್ಲಿ ಕರ್ನಾಟಕ ಸರಕಾರ ಕ್ಯಾಪಿಟೇಶನ್ ನಿಷೇಧಿಸುವ ಕಾಯಿದೆ ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಖಂಡಿಸಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಕ್ಯಾಪಿಟೇಶನ್ ಕೂಡದು, ಆದರೆ ಖಾಸಗಿ ಕಾಲೇಜು ಬೆಳೆಯಲು ಬೇಕಾದ ಮಿಗುತೆ ಇರಬಹುದು ಎಂದಿತು. ನನ್ನ ಜೊತೆ ಓದಿದ ಒಬ್ಬ ಈಗ ಬೇರೆ ಊರಲ್ಲಿ ವೈದ್ಯ. ಮಗನ ಓದಿಗೆಂದು ಅವನ ಅಪ್ಪ ಅಡಿಕೆ ತೋಟ ಮಾರಿದ್ದರು. "ಸ್ಕ್ಯಾನಿಂಗ್ ಬರೆಯುವಾಗ ತೋಟ ಕಣ್ಣಮುಂದೆ ಬರುತ್ತದೆ" ಎಂದು ಅವನು ಒಮ್ಮೆ ನಗುತ್ತಾ ಹೇಳಿದ. ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ ನಗು ಬರಲಿಲ್ಲ.

ಈಗಿನದು ಪ್ಯಾಕೇಜಿನ ಕಾಲ. 2003ರ ಯಶಸ್ವಿನಿಯಲ್ಲಿ ಸಹಕಾರಿ ಸಂಘದ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆ ಸಿಗುತ್ತಿತ್ತು. ದೊಡ್ಡ ಕೆಲಸವೇ. ಆದರೆ ಪಟ್ಟಿಯಲ್ಲಿದ್ದದ್ದು ಶಸ್ತ್ರಚಿಕಿತ್ಸೆಗಳು, ಬಿ.ಪಿ. ಮಾತ್ರೆಗಳಲ್ಲ. ಪಟ್ಟಿಯಲ್ಲಿ ಇರುವುದೇ ಕಾಯಿಲೆಯಾಗುವ ಅಪಾಯ ಎಲ್ಲ ಕಡೆಯೂ ಉಂಟು. 2015ರ ಸುಮಾರಿಗೆ ಕಲಬುರಗಿಯಲ್ಲಿ ಲಂಬಾಣಿ ಹೆಂಗಸರು ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡ ಸುದ್ದಿ ಹೊರಬಂದಾಗ, ಕೊಯ್ಲಿಗೆ ಬೆಲೆ ಕಟ್ಟಿದರೆ ಏನಾಗುತ್ತದೆ ಎಂಬುದು ಇಡೀ ರಾಜ್ಯಕ್ಕೆ ಗೊತ್ತಾಯಿತು.

ಕಳೆದ ವರ್ಷ ಅಮ್ಮನ ಮಂಡಿನೋವಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಚಿಪ್ಪು ಬದಲಿಸಲು ಹೇಳಿದರು. ಆಯುಷ್ಮಾನ್ ಕಾರ್ಡಿನಲ್ಲಿ ಮಾಡಿಸಬೇಕಾದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಕಾಪುವಿನಿಂದ ಉಡುಪಿಯ ಅಜ್ಜರಕಾಡಿಗೆ ಹೋಗಿ ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ಎರಡೂವರೆ ತಾಸು ನಿಂತೆವು. ಹತ್ತು ಜನರನ್ನು ನೋಡಿದರೂ ನೂರು ಜನರನ್ನು ನೋಡಿದರೂ ಅದೇ ಸಂಬಳದ ವೈದ್ಯೆ ಅಮ್ಮನ ಮಂಡಿಯನ್ನು ಎರಡು ಸಲ ಮಡಚಿ ಬಿಡಿಸಿದರು. "ಈಗಲೇ ಬೇಡ. ಮೂರು ತಿಂಗಳು ವ್ಯಾಯಾಮ ಮಾಡಿ ಬನ್ನಿ" ಎಂದು ಚೀಟಿಯ ಹಿಂಬದಿಯಲ್ಲಿ ಕಾಲಿನ ಚಿತ್ರ ಬರೆದು ತೋರಿಸಿದರು. ಎಲ್ಲ ಸೇರಿ ನಾಲ್ಕು ನಿಮಿಷ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಮ್ಮ ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ದೂರ ಬಂದದ್ದಕ್ಕೆ ಒಂದು ಮಾತ್ರೆಯಾದರೂ ಬರೆದು ಕೊಡಬಹುದಿತ್ತು" ಎಂದರು.