ಎಷ್ಟು ಕಳೆದುಕೊಂಡರೆ ತಾಳಬಲ್ಲಿರಿ?

2013ರಲ್ಲಿ ಮುಂಬಯಿಯ ಎರಡು ಕಚೇರಿಗಳಿಂದ ಎರಡು ಕಾಗದಗಳು ಹೊರಬಿದ್ದವು. ಜನವರಿಯಲ್ಲಿ ಸೆಬಿ ಹೂಡಿಕೆ ಸಲಹೆಗಾರರಿಗಾಗಿ ನಿಯಮಾವಳಿ ತಂದಿತು. ಡಿಸೆಂಬರ್ 24ರಂದು ರಿಸರ್ವ್ ಬ್ಯಾಂಕ್ ಬಿಟ್‌ಕಾಯಿನ್‌ನಂಥ ಕರೆನ್ಸಿಗಳ ಬಗ್ಗೆ ಜನರಿಗೆ ಮೊದಲ ಎಚ್ಚರಿಕೆ ಕೊಟ್ಟಿತು. ಒಂದು ಗ್ರಾಹಕನನ್ನು ಅಳೆಯುವ ಬಗೆ ಹೇಳಿತು, ಇನ್ನೊಂದು ಆತ ಕೊಳ್ಳಲು ಹೊರಟ ವಸ್ತುವಿನ ಅಪಾಯ ಹೇಳಿತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ಓದಿದವರು ಕಡಿಮೆ. ಓದದೆ ಹೋದದ್ದರ ಬೆಲೆಯನ್ನು ಹೆಚ್ಚಾಗಿ ತೆತ್ತ ಊರುಗಳಲ್ಲಿ ಪುಣೆ ಒಂದು.

ಸೆಬಿಯ ನಿಯಮ ಓದಲು ಸಪ್ಪೆ. ಸಲಹೆಗಾರ ಗ್ರಾಹಕನ ವಯಸ್ಸು, ಆದಾಯ, ಈಗಿರುವ ಆಸ್ತಿ, ಸಾಲ, ಹೂಡಿಕೆಯ ಉದ್ದೇಶ ಮತ್ತು ಅವಧಿ ಕೇಳಿ ತಿಳಿಯಬೇಕು. ಆದರೆ ಅದರೊಳಗೆ ಒಂದು ಸೂಕ್ಷ್ಮ ಇದೆ. ಅಪಾಯಕ್ಕೆ ಗ್ರಾಹಕ ಒಪ್ಪುತ್ತಾನೆಯೇ ಎಂಬುದು ಒಂದು ಪ್ರಶ್ನೆ, ನಷ್ಟವನ್ನು ತಾಳುವ ಶಕ್ತಿ ಅವನಿಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಎದೆಗಾರಿಕೆ ಮತ್ತು ತಾಳಿಕೆ ಎನ್ನಬಹುದು. ಹಿಂಜವಡಿಯ ಐಟಿ ಹುಡುಗನಿಗೆ ಎದೆಗಾರಿಕೆ ಧಾರಾಳವಾಗಿರಬಹುದು. ಮನೆ ಸಾಲದ ಕಂತು ಕಳೆದರೆ ಕೈಯಲ್ಲಿ ಎರಡು ತಿಂಗಳ ಖರ್ಚೂ ಇಲ್ಲದಿದ್ದರೆ ತಾಳಿಕೆ ಇಲ್ಲ. ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರಾಗಿ ಸ್ವಂತ ಮನೆ, ಒಂದಿಷ್ಟು ಠೇವಣಿ ಇರುವವರು 20,000 ರೂಪಾಯಿ ಕಳೆದುಕೊಂಡರೆ ಬೇಸರಪಡುತ್ತಾರೆ, ಅಷ್ಟೇ. ವಯಸ್ಸೊಂದನ್ನೇ ನೋಡುವ ಸಲಹೆಗಾರ ಇಬ್ಬರ ವಿಷಯದಲ್ಲೂ ತಪ್ಪುತ್ತಾನೆ.

ಈ ಪ್ರಶ್ನೆಗೆ ಜಾಗವೇ ಇಲ್ಲದ ಮಾರಾಟವೊಂದು ಆಗ ಮಹಾರಾಷ್ಟ್ರದಲ್ಲಿ ಹಬ್ಬುತ್ತಿತ್ತು. ಅಮಿತ್ ಭಾರದ್ವಾಜ್ 2015ರಲ್ಲಿ ಆರಂಭಿಸಿದ ಗೇನ್‌ಬಿಟ್‌ಕಾಯಿನ್ ಯೋಜನೆಯಲ್ಲಿ ಒಂದು ಬಿಟ್‌ಕಾಯಿನ್ ಕೊಟ್ಟರೆ ತಿಂಗಳಿಗೆ ಶೇ 10ರಂತೆ 18 ತಿಂಗಳು ವಾಪಸು; ಅಂದರೆ ಒಟ್ಟು 1.8 ಬಿಟ್‌ಕಾಯಿನ್. ಹೊಸಬರನ್ನು ಕರೆತಂದರೆ ಕಮಿಷನ್. ಹೀಗಾಗಿ ಸಲಹೆ ಕೊಡುವವನೂ ಮಾರುವವನೂ ಒಬ್ಬನೇ, ಅದೂ ಪರಿಚಯದವನೇ. ಹಣ ಬರುವುದು ಮೈನಿಂಗ್‌ನಿಂದ ಎಂದು ಹೇಳಲಾಗುತ್ತಿತ್ತು. ಬಿಟ್‌ಕಾಯಿನ್ ಲೋಕದಲ್ಲಿ ಗಣಿಗಾರಿಕೆ ಎಂದರೆ ವ್ಯವಹಾರಗಳ ಲೆಕ್ಕವನ್ನು ಕಂಪ್ಯೂಟರುಗಳು ತಾಳೆ ನೋಡಿ, ಅದಕ್ಕೆ ಪ್ರತಿಯಾಗಿ ಹೊಸ ನಾಣ್ಯ ಗಳಿಸುವುದು. ನೆಲ ಅಗೆಯುವ ಪದ ಬಳಸಿದ್ದರಿಂದ ಏನೋ ಗಟ್ಟಿ ವಸ್ತು ಇದೆ ಎಂಬ ಭಾವ ಬಂತು ಅನ್ನಿಸುತ್ತದೆ.

ಒಬ್ಬ ಸಲಹೆಗಾರ ಇಲ್ಲಿ ಕೇಳಬಹುದಾಗಿದ್ದ ಸರಳ ಪ್ರಶ್ನೆಯೊಂದಿತ್ತು. 2016ರ ಜುಲೈಯಲ್ಲಿ ಬಿಟ್‌ಕಾಯಿನ್‌ನ ನಿಯಮದಂತೆಯೇ ಪ್ರತಿ ಬ್ಲಾಕಿನ ಗಳಿಕೆ 25ರಿಂದ 12.5ಕ್ಕೆ ಇಳಿಯಿತು. ಗಣಿಯ ಇಳುವರಿ ರಾತ್ರೋರಾತ್ರಿ ಅರ್ಧವಾದ ಮೇಲೂ ತಿಂಗಳ ಶೇ 10 ಹೇಗೆ ಅಲ್ಲಾಡದೆ ನಿಂತಿತು? ಗ್ರಾಹಕನಿಗೆ ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಅವನಿಗೆ ಆ ವಸ್ತುವೇ ಗೊತ್ತಿಲ್ಲ ಎಂದರ್ಥ. 2017ರಲ್ಲಿ ಬಿಟ್‌ಕಾಯಿನ್ ಬದಲು ಕಂಪನಿಯದೇ ಆದ ಎಂಕ್ಯಾಪ್ ಎಂಬ ಟೋಕನ್ ಕೊಡತೊಡಗಿದರು. ಅದೇ ವರ್ಷದ ಕೊನೆಗೆ ಬಿಟ್‌ಕಾಯಿನ್ ಬೆಲೆ 20,000 ಡಾಲರ್ ಸಮೀಪಿಸಿತು; ಕೊಟ್ಟವರ ಕೈಯಲ್ಲಿ ಉಳಿದದ್ದು ಬೆಲೆಯಿಲ್ಲದ ಎಂಕ್ಯಾಪ್.

2018ರಲ್ಲಿ ದತ್ತವಾಡಿ ಮತ್ತು ನಿಗಡಿ ಪೊಲೀಸ್ ಠಾಣೆಗಳಲ್ಲಿ ದೂರು ದಾಖಲಾಯಿತು. ಏಪ್ರಿಲ್‌ನಲ್ಲಿ ಪುಣೆ ಪೊಲೀಸರು ಭಾರದ್ವಾಜ್‌ರನ್ನು ಬಂಧಿಸಿದರು. ಅದೇ ತಿಂಗಳ 6ರಂದು ರಿಸರ್ವ್ ಬ್ಯಾಂಕ್, ಕ್ರಿಪ್ಟೊ ವ್ಯವಹಾರಸ್ಥರಿಗೆ ಸೇವೆ ಕೊಡಬಾರದೆಂದು ಬ್ಯಾಂಕುಗಳಿಗೆ ಹೇಳಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು.

ಕಥೆಯ ವಿಚಿತ್ರ ತಿರುವು ಇರುವುದು 2022ರಲ್ಲಿ. ಜನವರಿಯಲ್ಲಿ ಭಾರದ್ವಾಜ್ ತೀರಿಕೊಂಡರು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಅವರ ಸಹೋದರನಿಗೆ ವ್ಯಾಲೆಟ್‌ನ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ತನಿಖಾ ಸಂಸ್ಥೆಗೆ ಕೊಡಿ ಎಂದು ಹೇಳಬೇಕಾಯಿತು. ಅದೇ ತಿಂಗಳು ಪುಣೆ ಪೊಲೀಸರು, ಈ ತನಿಖೆಗೆ ತಾವೇ ನೆರವಿಗೆ ಕರೆದಿದ್ದ ಇಬ್ಬರು ಸೈಬರ್ ತಜ್ಞರನ್ನು ಬಂಧಿಸಿದರು. ಅವರಲ್ಲೊಬ್ಬರು ಮಾಜಿ ಐಪಿಎಸ್ ಅಧಿಕಾರಿ. ಆರೋಪಿಗಳ ವ್ಯಾಲೆಟ್‌ನಲ್ಲಿದ್ದ ನಾಣ್ಯಗಳನ್ನು ತಮ್ಮ ವ್ಯಾಲೆಟ್‌ಗೆ ಸಾಗಿಸಿಕೊಂಡರೆಂಬುದು ಆರೋಪ.

ಇಲ್ಲಿಂದ ಸಲಹೆಗಾರರ ಪಟ್ಟಿಗೆ, 2013ರ ನಿಯಮದಲ್ಲಿಲ್ಲದ ಒಂದು ಪ್ರಶ್ನೆ ಸೇರುತ್ತದೆ: ಕೀಲಿ ಯಾರ ಬಳಿ ಇದೆ? ಬ್ಯಾಂಕಿನಲ್ಲಿ ನಾಮಿನಿ ಹೆಸರಿದ್ದರೆ ಹೆಂಡತಿಗೋ ಮಗಳಿಗೋ ಹಣ ಸಿಗುತ್ತದೆ. ಖಾಸಗಿ ಕೀಲಿ ಗಂಡನ ತಲೆಯಲ್ಲಷ್ಟೇ ಇದ್ದರೆ ಅದು ಅವನೊಂದಿಗೇ ಹೋಗುತ್ತದೆ. ತೆರಿಗೆಯ ಪ್ರಶ್ನೆಯೂ ಇದೆ. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ 30 ತೆರಿಗೆ, ನಷ್ಟವನ್ನು ಬೇರೆ ಯಾವ ಆದಾಯದಲ್ಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ತಾಳಿಕೆಯ ಲೆಕ್ಕಕ್ಕೆ ಇದನ್ನು ಸೇರಿಸದಿದ್ದರೆ ಲೆಕ್ಕ ಸುಳ್ಳು.

ಸೆಬಿಯಾದರೋ 2021ರಲ್ಲಿ ಡಿಜಿಟಲ್ ಚಿನ್ನದಂಥ, ನಿಯಂತ್ರಣವಿಲ್ಲದ ವಸ್ತುಗಳಿಂದ ದೂರವಿರಿ ಎಂದು ನೋಂದಾಯಿತ ಸಲಹೆಗಾರರನ್ನು ಎಚ್ಚರಿಸಿತು. ಪ್ರಾಮಾಣಿಕರು ಈ ವಿಷಯದಲ್ಲಿ ಬಾಯಿ ಬಿಡಲು ಹಿಂಜರಿದರೆ ಆ ಜಾಗಕ್ಕೆ ಕಮಿಷನ್ ಪರಿಚಯಸ್ಥ ಬರುತ್ತಾನೆ. ಮಾರುವುದು ಬೇಡ, ಗ್ರಾಹಕ ಆಗಲೇ ಕೊಂಡಿರುವುದನ್ನು ಕೇಳಿ ಬರೆದುಕೊಳ್ಳದಿದ್ದರೆ ಅವನ ಉಳಿದ ಯೋಜನೆಯೂ ಅಂದಾಜೇ.

2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. 2025ರ ಫೆಬ್ರವರಿಯಲ್ಲಿ ಪುಣೆ, ಕೊಲ್ಹಾಪುರ, ನಾಂದೇಡ್, ಬೆಂಗಳೂರು ಸೇರಿ 60ಕ್ಕೂ ಹೆಚ್ಚು ಕಡೆ ಶೋಧ ನಡೆಯಿತು. ವಶಪಡಿಸಿಕೊಂಡವುಗಳಲ್ಲಿ ಹಲವು ಹಾರ್ಡ್‌ವೇರ್ ವ್ಯಾಲೆಟ್‌ಗಳಿದ್ದವು.