ಡಿಸ್ಚಾರ್ಜ್ ಆದಮೇಲಿನ ಚರಿತ್ರೆ: ವಯನಾಡಿನಿಂದ ಒಂದು ಟಿಪ್ಪಣಿ

ಸಾಹಿತ್ಯದ ವಿದ್ಯಾರ್ಥಿನಿ ಐಸಿಯು ಬಗ್ಗೆ ಯಾಕೆ ಮಾತಾಡ್ತಾಳೆ ಅನ್ನಿಸಬಹುದು. ಒಂದು ಪದದಿಂದ ಶುರು ಮಾಡ್ತೇನೆ: ಬಾಣಂತನ. ಹೆರಿಗೆ ಮುಗಿದ ಮೇಲೂ ಮೈಮನಸ್ಸು ಸುಧಾರಿಸೋಕೆ ದಿನ ಬೇಕು, ಜನ ಬೇಕು ಅನ್ನೋ ತಿಳಿವಳಿಕೆ ಆ ಪದದಲ್ಲೇ ಇದೆ. ತೀವ್ರ ನಿಗಾ ಘಟಕದಿಂದ ಬದುಕಿ ಬಂದವರಿಗೆ ನಮ್ಮಲ್ಲಿ ಅಂಥ ಪದವಿಲ್ಲ. 'ಹುಷಾರಾದ್ರು' ಅಂತೇವೆ, ಅಷ್ಟೇ.

ಚರಿತ್ರೆಯಲ್ಲೂ ಇದೇ ಮರೆವು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು, ಕೈಯಿಂದ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಮರುವರ್ಷವೇ ಅಲ್ಲಿ ಐಸಿಯು ಹುಟ್ಟಿತು. ಆದರೆ ಹೊರಬಂದವರನ್ನು ಕಾಡುವ ಸ್ನಾಯುಗಳ ನಿಶ್ಶಕ್ತಿ, ಮರೆವು, ಭಯ ಇವೆಲ್ಲಕ್ಕೂ ಸೇರಿ 'ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್' ಎಂಬ ಹೆಸರು ವೈದ್ಯಕೀಯ ಬರಹದಲ್ಲಿ ನೆಲೆಯಾದದ್ದು 2012ರಲ್ಲಿ. ಮನೆಯವರ ಸಂಕಟಕ್ಕೂ ಅದರಲ್ಲಿ ಜಾಗ ಸಿಕ್ಕಿತು.

ಈಗ ವಯನಾಡಿಗೆ ಬರೋಣ. ಕಾಯಿಲೆ ಗಂಭೀರವಾದರೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದು ಕೋಳಿಕೋಡಿಗೆ ಹೋಗೋದು ಇಲ್ಲಿನ ರೂಢಿ. ಮಾನಂದವಾಡಿಯ ಜಿಲ್ಲಾ ಆಸ್ಪತ್ರೆ ಮೆಡಿಕಲ್ ಕಾಲೇಜಾದದ್ದು 2021ರಲ್ಲಿ. ತಪಾಸಣೆಗೆ ಮತ್ತೆ ಹೋಗಬೇಕೆಂದರೆ ಮತ್ತದೇ ತಿರುವುಗಳು, ಜೊತೆಗೊಬ್ಬರ ದಿನಗೂಲಿಯೂ ಹೋಯಿತು.

ಹಾಗಾದರೆ ಮನೆಗೇ ಬರುವ ಆರೈಕೆ ಇಲ್ಲವೇ? ಇದೆ. 1993ರಲ್ಲಿ ಕೋಳಿಕೋಡು ಮೆಡಿಕಲ್ ಕಾಲೇಜಿನಲ್ಲಿ ಶುರುವಾದ ನೋವು ಉಪಶಮನ ಕ್ಲಿನಿಕ್ ಊರೂರಿನ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ಕೇರಳ ಸರ್ಕಾರ ಅದಕ್ಕೊಂದು ನೀತಿ ಮಾಡಿತು. ಪಂಚಾಯಿತಿಯ ನರ್ಸ್ ಮನೆಬಾಗಿಲಿಗೆ ಬಂದರು. ಆದರೆ ಆ ಕ್ಲಿನಿಕ್ ಹುಟ್ಟಿದ್ದು ಮುಖ್ಯವಾಗಿ ಕ್ಯಾನ್ಸರ್ ರೋಗಿಗಳ ನೋವಿನಿಂದ. ಗುಣವಾಗದವರಿಗೆ ದಾರಿ ಸಿಕ್ಕಿತು. 'ಗುಣವಾದವರು' ಅನ್ನಿಸಿಕೊಂಡವರು ನಡುವೆ ಉಳಿದರು. 2020ರಲ್ಲಿ ಕೇರಳ ತೆರೆದ ಕೋವಿಡೋತ್ತರ ಕ್ಲಿನಿಕ್‌ಗಳು ಈ ನಡುವಿನ ಜಾಗವನ್ನು ಗುರುತಿಸಿದವು. ಆದರೆ ಒಂದೇ ಕಾಯಿಲೆಗೆ.

ಭಾಷೆಯ ಮಾತನ್ನೂ ಹೇಳಬೇಕು. ವಯನಾಡಿನ ಕಾಟ್ಟುನಾಯ್ಕರ ಆಡುಮಾತು ಕನ್ನಡಕ್ಕೆ ಹತ್ತಿರದ್ದು. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನದು, ಆಸ್ಪತ್ರೆಯ ಮಾತು ಮಲಯಾಳಂ. ರಾತ್ರಿ ಬೆಚ್ಚಿ ಏಳುವ ಭಯವನ್ನು ಯಾವ ಮಾತಲ್ಲಿ ಹೇಳೋದು?

ಸುಲ್ತಾನ್ ಬತ್ತೇರಿ ಕಡೆಯ ನಮ್ಮ ಮಾವ 11 ದಿನ ವೆಂಟಿಲೇಟರ್‌ನಲ್ಲಿದ್ದು ಮನೆಗೆ ಬಂದರು. ಲೋಟ ಹಿಡಿಯೋಕೂ ಆಗ್ತಿರಲಿಲ್ಲ. ಇವತ್ತು ಎಷ್ಟು ಹೆಜ್ಜೆ, ಎಷ್ಟು ಗಂಜಿ, ರಾತ್ರಿ ಎಷ್ಟು ಸಲ ಕೂಗಿದರು ಅಂತ ಅತ್ತೆ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಆಸ್ಪತ್ರೆಯ ಕಡತ ಡಿಸ್ಚಾರ್ಜ್ ದಿನಕ್ಕೆ ನಿಂತಿದೆ. ಅತ್ತೆಯ ನೋಟ್‌ಬುಕ್ ಅಲ್ಲಿಂದ ಶುರುವಾಗುತ್ತದೆ. ಇಂಥ ಬರಹಗಳನ್ನು ಆಕರ ಅಂತ ನಾವು ಒಪ್ಪದಿದ್ದರೆ ಚೇತರಿಕೆಯ ಚರಿತ್ರೆ ಬರೆಯಲಾಗದು. ಚರ್ಚೆಗೆ ನನ್ನ ಪ್ರಶ್ನೆ ಇಷ್ಟೇ: ನಿಮ್ಮ ಮನೆಗಳಲ್ಲಿ ಅಂಥ ನೋಟ್‌ಬುಕ್ ಯಾರ ಹತ್ತಿರ ಇದೆ?