ಯಾವುದಕ್ಕಾಗಿ ನಡೆದ ಯುದ್ಧ? ಅಮೆರಿಕದ ಅಂತರ್ಯುದ್ಧ ಮತ್ತು ಅದರ ನೆನಪು

1873ರಲ್ಲಿ ಪುಣೆಯ ಜ್ಯೋತಿಬಾ ಫುಲೆಯವರು ಮರಾಠಿಯಲ್ಲಿ 'ಗುಲಾಮಗಿರಿ' ಎಂಬ ಪುಸ್ತಕವನ್ನು ಪ್ರಕಟಿಸಿದರು. ಕಪ್ಪು ಜನರನ್ನು ಗುಲಾಮಗಿರಿಯಿಂದ ಬಿಡಿಸಲು ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿ, ಶೂದ್ರರ ಬಿಡುಗಡೆಗೆ ತಮ್ಮ ದೇಶಬಾಂಧವರೂ ಅದೇ ಮಾದರಿಯನ್ನು ಅನುಸರಿಸಲಿ ಎಂದು ಹಾರೈಸಿದರು. ಅಮೆರಿಕದ ಅಂತರ್ಯುದ್ಧ ಮುಗಿದು ಆಗ ಎಂಟು ವರ್ಷಗಳಾಗಿದ್ದವು. ಆ ಯುದ್ಧ ಯಾವುದಕ್ಕಾಗಿ ನಡೆಯಿತು ಎಂಬ ವಿಷಯದಲ್ಲಿ ಸಾವಿರಾರು ಮೈಲಿ ದೂರದ ಫುಲೆಯವರಿಗೆ ಅನುಮಾನವಿರಲಿಲ್ಲ. ಆದರೆ ಯುದ್ಧ ನಡೆದ ನೆಲದಲ್ಲಿಯೇ ಮುಂದಿನ ಐವತ್ತು ವರ್ಷಗಳಲ್ಲಿ ಆ ಕಾರಣ ಮಸುಕಾಗುತ್ತ ಹೋಯಿತು. ಇದು ಹೇಗಾಯಿತು ಎಂಬುದು ಯುದ್ಧದ ಕಥೆಯಷ್ಟೇ ಮುಖ್ಯವೆಂದು ನಮಗೆ ತೋರುತ್ತದೆ.

1860ರ ಜನಗಣತಿಯ ಪ್ರಕಾರ ಅಮೆರಿಕದ ಜನಸಂಖ್ಯೆ ಸುಮಾರು 3.14 ಕೋಟಿ. ಅವರಲ್ಲಿ 40 ಲಕ್ಷದಷ್ಟು ಜನ ಗುಲಾಮರು. ಅವರನ್ನು ಮಾರಬಹುದಿತ್ತು, ಸಾಲಕ್ಕೆ ಒತ್ತೆಯಿಡಬಹುದಿತ್ತು. ಗುಲಾಮ ತಾಯಿಗೆ ಹುಟ್ಟಿದ ಮಗು ಹುಟ್ಟುತ್ತಲೇ ಒಡೆಯನ ಸ್ವತ್ತು. ದಕ್ಷಿಣದ ಹತ್ತಿಯ ಸಿರಿ ನಿಂತಿದ್ದು ಈ ಜನರ ದುಡಿಮೆಯ ಮೇಲೆ. ದೇಶ ಪಶ್ಚಿಮಕ್ಕೆ ಹರಡಿದಂತೆಲ್ಲ, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಗೆ ಅವಕಾಶವಿರಬೇಕೆ ಬೇಡವೆ ಎಂಬ ಜಗಳ ಹೆಚ್ಚುತ್ತ ಬಂತು. ಬೇಡವೆಂದ ರಿಪಬ್ಲಿಕನ್ ಪಕ್ಷದ ಅಬ್ರಹಾಂ ಲಿಂಕನ್ 1860ರ ನವೆಂಬರಿನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಅವರ ಹೆಸರಿನ ಮತಪತ್ರವೇ ಇರಲಿಲ್ಲ. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟವನ್ನು ತೊರೆಯಿತು. ಕೆಲವೇ ತಿಂಗಳುಗಳಲ್ಲಿ ಹಾಗೆ ಹೊರಬಿದ್ದ ರಾಜ್ಯಗಳು ಹನ್ನೊಂದಾದವು.

ಅವು ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ ಎಂಬ ವಾದವನ್ನು ಇಂದಿಗೂ ಕೇಳುತ್ತೇವೆ. ಆದರೆ ಹೊರಹೋದವರು ತಮ್ಮ ಕಾರಣಗಳನ್ನು ತಾವೇ ಬರೆದಿಟ್ಟಿದ್ದಾರೆ. ತನ್ನ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಡನೆ ಒಂದಾಗಿದೆಯೆಂದು ಮಿಸಿಸಿಪ್ಪಿಯ ಘೋಷಣೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ಒಪ್ಪಿಸುತ್ತಿಲ್ಲವೆಂಬುದು ದಕ್ಷಿಣ ಕೆರೊಲಿನಾದ ಮುಖ್ಯ ದೂರು. ಅಂದರೆ, ಉತ್ತರದ ರಾಜ್ಯಗಳು ತಮ್ಮ ಹಕ್ಕನ್ನು ಚಲಾಯಿಸಿದ್ದೇ ಅದರ ಕಣ್ಣಿಗೆ ಅಪರಾಧವಾಗಿತ್ತು. ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬ ಸಿದ್ಧಾಂತವೇ ಹೊಸ ಸರ್ಕಾರದ ಅಡಿಗಲ್ಲು ಎಂದು ಅದರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನಲ್ಲಿ ಸಾರ್ವಜನಿಕ ಭಾಷಣದಲ್ಲಿಯೇ ಸಾರಿದ.

1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ನಾಲ್ಕು ವರ್ಷ ನಡೆದ ಯುದ್ಧ ಮನೆಮನೆಗಳನ್ನೂ ಒಡೆಯಿತು. ಕೆಂಟಕಿಯ ಹಿರಿಯ ರಾಜಕಾರಣಿ ಜಾನ್ ಕ್ರಿಟೆಂಡನ್ ಕೊನೆಯವರೆಗೂ ಸಂಧಾನಕ್ಕೆ ಶ್ರಮಿಸಿದವರು. ಅವರ ಒಬ್ಬ ಮಗ ಉತ್ತರದ ಸೇನಾನಿಯಾದರೆ ಇನ್ನೊಬ್ಬ ದಕ್ಷಿಣದ ಸೇನಾನಿಯಾದ. 1863ರ ಜುಲೈನಲ್ಲಿ ಗೆಟಿಸ್‌ಬರ್ಗಿನ ಮೂರು ದಿನಗಳಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 50,000. ಇಡೀ ಯುದ್ಧದಲ್ಲಿ ಸತ್ತ ಸೈನಿಕರ ಸಂಖ್ಯೆ ಬಹುಕಾಲ ಒಪ್ಪಿತವಾಗಿದ್ದ ಲೆಕ್ಕದಲ್ಲಿ 6.2 ಲಕ್ಷ, ಈಚಿನ ಅಂದಾಜುಗಳು ಅದನ್ನು 7 ಲಕ್ಷದ ಸುತ್ತಮುತ್ತ ಇರಿಸುತ್ತವೆ. ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ರೋಗ.

ಲಿಂಕನ್ ಆರಂಭದಲ್ಲಿ ಹೇಳಿದ್ದು ಒಕ್ಕೂಟವನ್ನು ಉಳಿಸುವ ಮಾತನ್ನು ಮಾತ್ರ. ಅದನ್ನು ಬದಲಿಸಿದವರಲ್ಲಿ ಗುಲಾಮರೂ ಇದ್ದರು. ಉತ್ತರದ ಸೈನ್ಯ ಹತ್ತಿರ ಬಂದಲ್ಲೆಲ್ಲ ಅವರು ತೋಟಗಳನ್ನು ಬಿಟ್ಟು ಶಿಬಿರಗಳಿಗೆ ಓಡಿಬಂದರು. 1863ರ ಜನವರಿ 1ರ ವಿಮೋಚನಾ ಘೋಷಣೆ ಬಂಡೆದ್ದ ಪ್ರದೇಶಗಳಿಗಷ್ಟೇ ಅನ್ವಯಿಸುತ್ತಿದ್ದರೂ ಯುದ್ಧದ ಅರ್ಥವನ್ನು ಬದಲಿಸಿತು. ಸುಮಾರು 1.8 ಲಕ್ಷ ಕಪ್ಪು ಜನರು ಉತ್ತರದ ಸೈನ್ಯ ಸೇರಿ ಹೋರಾಡಿದರು.

ಈ ಯುದ್ಧದ ಬಿಸಿ ನಮ್ಮ ನೆಲಕ್ಕೂ ತಟ್ಟಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಅವುಗಳ ಕಣ್ಣು ಭಾರತದ ಮೇಲೆ ಬಿತ್ತು. ಮುಂಬಯಿಯಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು. ಪ್ರೇಮಚಂದ್ ರಾಯಚಂದ್‌ರಂಥ ವರ್ತಕರ ಸುತ್ತ ಷೇರು ಸಟ್ಟಾ ಹುಚ್ಚಾಗಿ ಬೆಳೆಯಿತು. ಬ್ಯಾಕ್ ಬೇಯಲ್ಲಿ ಸಮುದ್ರವನ್ನೇ ತುಂಬಿ ನೆಲ ಮಾಡಲು ಕಂಪನಿ ಹುಟ್ಟಿತು. ಧಾರವಾಡದ ಎರೆಭೂಮಿಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೇರೂರಿತ್ತು. ಆ ಹತ್ತಿಯನ್ನು ಹಡಗಿಗೆ ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸಬೇಕೆಂಬ ಒತ್ತಾಯದ ನಡುವೆಯೇ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. 1865ರಲ್ಲಿ ಶಾಂತಿಯ ಸುದ್ದಿ ಬಂದಾಗ ಮುಂಬಯಿಯ ವರ್ತಕರು ದಿವಾಳಿಯೆದ್ದರು. ಇನ್ನೊಂದೆಡೆ, ಹತ್ತಿಯಿಲ್ಲದೆ ಕೆಲಸ ಕಳೆದುಕೊಂಡ ಮ್ಯಾಂಚೆಸ್ಟರಿನ ದುಡಿಮೆಗಾರರು 1862ರ ಕೊನೆಯ ದಿನ ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ತಾವು ಲಿಂಕನ್‌ರ ಪರ ಎಂದು ಪತ್ರ ಬರೆದಿದ್ದರು. ಯುದ್ಧದ ಕಾರಣ ಏನೆಂಬುದು ಅವರಿಗೂ ತಿಳಿದಿತ್ತು.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾದ. ಆರು ದಿನಗಳಲ್ಲಿ ಲಿಂಕನ್ ಕೊಲೆಗಾರನ ಗುಂಡಿಗೆ ಬಲಿಯಾದರು. ಮುಂದಿನ ಐದು ವರ್ಷಗಳಲ್ಲಿ ಸಂವಿಧಾನಕ್ಕೆ ಮೂರು ತಿದ್ದುಪಡಿಗಳಾದವು. ಗುಲಾಮಗಿರಿ ರದ್ದಾಯಿತು, ಪೌರತ್ವ ಬಂತು, ಕಪ್ಪು ಗಂಡಸರಿಗೆ ಮತದಾನದ ಹಕ್ಕೂ ಬಂತು. ಆದರೆ ಫುಲೆಯವರ ಪುಸ್ತಕ ಬಂದ 1873ರಲ್ಲಿಯೇ ಲೂಸಿಯಾನಾದ ಕೋಲ್‌ಫ್ಯಾಕ್ಸ್ ಊರಿನಲ್ಲಿ ಚುನಾವಣೆಯ ವಿವಾದದಲ್ಲಿ ಹತ್ತಾರು ಕಪ್ಪು ಜನರನ್ನು, ಅನೇಕರನ್ನು ಶರಣಾದ ಮೇಲೆ, ಕೊಂದುಹಾಕಲಾಯಿತು. 1877ರಲ್ಲಿ ಕೇಂದ್ರ ಸರ್ಕಾರ ದಕ್ಷಿಣದಿಂದ ಕೈತೊಳೆದುಕೊಂಡಿತು. ಪ್ರತ್ಯೇಕ ಶಾಲೆ, ಪ್ರತ್ಯೇಕ ರೈಲುಡಬ್ಬಿಗಳ ಕಾನೂನುಗಳು ಬಂದವು. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವುಗಳಿಗೆ ಒಪ್ಪಿಗೆಯ ಮುದ್ರೆ ಒತ್ತಿತು.

ಹಕ್ಕುಗಳು ಕಳಚುತ್ತಿದ್ದಂತೆ ನೆನಪೂ ಬದಲಾಯಿತು. 1890ರಲ್ಲಿ ರಿಚ್ಮಂಡಿನಲ್ಲಿ ಲೀಯ ಭಾರೀ ಪ್ರತಿಮೆ ಎದ್ದಿತು. 1913ರಲ್ಲಿ ಗೆಟಿಸ್‌ಬರ್ಗಿನ ಐವತ್ತನೆಯ ವರ್ಷದ ಸಮಾವೇಶಕ್ಕೆ 50,000ಕ್ಕೂ ಹೆಚ್ಚು ಮುದಿ ಸೈನಿಕರು ಬಂದರು. ಎರಡೂ ಕಡೆಯವರು ಗೋಡೆಯ ಮೇಲಿಂದ ಕೈಕುಲುಕಿದರು. ಹಳೆಯ ಜಗಳ ಮರೆತುಹೋಗಿದೆ ಎಂದು ಅಧ್ಯಕ್ಷ ವುಡ್ರೋ ವಿಲ್ಸನ್ ಭಾಷಣ ಮಾಡಿದರು. ಅದೇ ವರ್ಷ ಅವರ ಆಡಳಿತ ಕೇಂದ್ರದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಪ್ರತ್ಯೇಕಿಸತೊಡಗಿತ್ತು. ಅಣ್ಣತಮ್ಮಂದಿರು ಒಂದಾದರು, ಅವರ ರಾಜಿಯ ಬೆಲೆಯನ್ನು ತೆತ್ತವರು ಆ ಚಿತ್ರದಲ್ಲಿ ಇರಲಿಲ್ಲ. ಮತದಾನದ ಹಕ್ಕು ನಿಜವಾಗಿ ಕೈಗೆ ಬರಲು 1965ರ ಕಾನೂನಿನವರೆಗೆ ಕಾಯಬೇಕಾಯಿತು. ಲೀಯ ಪ್ರತಿಮೆ ಕೆಳಗಿಳಿದದ್ದು 2021ರಲ್ಲಿ.

ಅಂತರ್ಯುದ್ಧವೆಂದೊಡನೆ ನಮಗೆ ಕುರುಕ್ಷೇತ್ರ ನೆನಪಾಗುತ್ತದೆ. ದಾಯಾದಿಗಳ ಕಲಹ, ಎರಡೂ ಕಡೆ ಶೂರರು, ಎರಡೂ ಕಡೆ ಶೋಕ ಎಂದು ನಿಟ್ಟುಸಿರಿಟ್ಟು ಸುಮ್ಮನಾಗುತ್ತೇವೆ. ಆದರೆ ಆ ಕಥೆಯಲ್ಲಿಯೂ ಭೂಮಿಯ ಪಾಲಿನ ಮಾತಿಗೆ ಮೊದಲು, ಒಬ್ಬ ಮನುಷ್ಯಳನ್ನು ಸ್ವತ್ತಿನಂತೆ ಪಣಕ್ಕಿಡಬಹುದೆ ಎಂದು ದ್ರೌಪದಿ ತುಂಬಿದ ಸಭೆಯಲ್ಲಿ ಕೇಳಿದ್ದಳು. ಹಿರಿಯರು ತಲೆತಗ್ಗಿಸಿ ಕುಳಿತರು. ಅಮೆರಿಕದ ಯುದ್ಧದ ಮೂಲದಲ್ಲಿ ಇದ್ದುದೂ ಆ ಪ್ರಶ್ನೆಯೇ. ಅದನ್ನು ಬದಿಗೊತ್ತಿ ಶೌರ್ಯವನ್ನೂ ಶೋಕವನ್ನೂ ಮಾತ್ರ ನೆನೆದದ್ದರಿಂದ, ಬಿಡುಗಡೆಯಾದವರು ಇನ್ನೂ ನೂರು ವರ್ಷ ಬಿಡುಗಡೆಗಾಗಿ ಕಾದರು. ಪುಣೆಯ ಫುಲೆಯವರು ಆ ಯುದ್ಧದಿಂದ ಆರಿಸಿಕೊಂಡದ್ದು ಶೌರ್ಯವನ್ನಲ್ಲ, ಕಾರಣವನ್ನು. ಚರಿತ್ರೆಯನ್ನು ಓದುವಾಗ ನಾವೂ ಅವರಿಂದ ಕಲಿಯಬೇಕಾದದ್ದು ಅದನ್ನೇ.